ಕಾಣದ ವಿಶ್ವಕ್ಕೆ ಕೇಳುವ ಅಳತೆ

ಕಣ್ಣಾರೆ ಕಂಡದ್ದು ದಿಟ, ಕಿವಿಯಿಂದ ಕೇಳಿದ್ದು ಸಂಶಯ ಎಂಬುದು ಲೋಕರೂಢಿ. ನ್ಯಾಯಸ್ಥಾನದಲ್ಲಿಯೂ ಕಂಡವನ ಮಾತಿಗೆ ಇರುವ ತೂಕ ಕೇಳಿದವನ ಮಾತಿಗೆ ಇಲ್ಲ. ಆದರೆ ವಿಶ್ವವನ್ನು ಅಳೆಯುವ ಕಾರ್ಯದಲ್ಲಿ ನಮ್ಮ ಕಾಲದ ವಿದ್ವಾಂಸರು ಕಣ್ಣಿನ ಸಾಕ್ಷ್ಯವೊಂದೇ ಸಾಲದೆಂದು ಮನಗಂಡು, ಕಿವಿಯ ಸಾಕ್ಷ್ಯಕ್ಕೆ ಸಮನಾದ ಒಂದು ಹೊಸ ಪ್ರಮಾಣವನ್ನು ಪಡೆದುಕೊಂಡಿದ್ದಾರೆ. ಅದರ ಕಥನವೇ ಪ್ರಸ್ತುತ ಲೇಖನದ ವಿಷಯ.

ಈ ಲೇಖನಕ್ಕೆ ಪ್ರೇರಣೆಯಾದ ಪ್ರಸಂಗವೊಂದನ್ನು ಮೊದಲು ನಿವೇದಿಸಬೇಕು. ಪ್ರಸಾದ ನಿಲಯದಲ್ಲಿದ್ದು ಪದವಿ ತರಗತಿಯಲ್ಲಿ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಯೊಬ್ಬನು ಸಂಸ್ಕೃತ ಪಾಠಕ್ಕೆಂದು ಆಗಾಗ ನನ್ನಲ್ಲಿಗೆ ಬರುವುದುಂಟು. ಒಂದು ಸಂಜೆ ಪಾಠ ಮುಗಿದ ಮೇಲೆ ಅವನು ಕೇಳಿದನು: “ಗುರುಗಳೇ, ವಿಶ್ವದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಕಣ್ಣಿಗೆ ಕಾಣದು, ಯಂತ್ರಕ್ಕೂ ಸಿಕ್ಕದು ಎಂದು ನಮ್ಮ ಪುಸ್ತಕದಲ್ಲಿ ಬರೆದಿದೆ. ಕಾಣದುದನ್ನು ಇದೆಯೆಂದು ಹೇಳುವುದಾದರೆ ವಿಜ್ಞಾನಕ್ಕೂ ಊಹೆಗೂ ವ್ಯತ್ಯಾಸವೇನು?” ತರ್ಕಶಾಸ್ತ್ರವನ್ನು ಅಷ್ಟಿಷ್ಟು ಓದಿದ ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. “ತಿಳಿದು ಹೇಳುತ್ತೇನೆ, ತಮ್ಮಾ” ಎಂದಷ್ಟೇ ಹೇಳಿ ಕಳುಹಿಸಿದೆನು. ಅನಂತರ ಬಲ್ಲವರನ್ನು ಕೇಳಿ, ದೊರೆತುದನ್ನು ಓದಿ ಅರಿತುಕೊಂಡದ್ದನ್ನು ಇಲ್ಲಿ ವಾಚಕರೊಡನೆ ಹಂಚಿಕೊಳ್ಳುತ್ತಿದ್ದೇನೆ.

ಎರಡು ಬಗೆಯ ಕತ್ತಲೆ

ಮೊದಲು ಆ ತೊಂಬತ್ತೈದು ಪಾಲು ಯಾವುದೆಂಬುದನ್ನು ತಿಳಿಯೋಣ. ಅದರಲ್ಲಿ ಎರಡು ಬಗೆಗಳಿವೆ. ಒಂದಕ್ಕೆ ಕಪ್ಪುದ್ರವ್ಯವೆಂದೂ ಇನ್ನೊಂದಕ್ಕೆ ಕಪ್ಪುಶಕ್ತಿಯೆಂದೂ ಹೆಸರು. ವಿಜ್ಞಾನದ ವಿದ್ಯಾರ್ಥಿಗಳು ಇವನ್ನು ಡಾರ್ಕ್ ಮ್ಯಾಟರ್, ಡಾರ್ಕ್ ಎನರ್ಜಿ ಎಂಬ ಹೆಸರುಗಳಿಂದ ಬಲ್ಲರು. ಹೆಸರಿನಲ್ಲಿ ಸಾಮ್ಯವಿದ್ದರೂ ಇವುಗಳ ಗುಣ ಪರಸ್ಪರ ವಿರುದ್ಧವಾದುದು. ಮೊದಲನೆಯದು ಹಿಡಿದಿಡುತ್ತದೆ, ಎರಡನೆಯದು ದೂರ ಸರಿಸುತ್ತದೆ.

ಕವಣೆಯಲ್ಲಿ ಕಲ್ಲನ್ನಿಟ್ಟು ತಿರುಗಿಸುವ ಹುಡುಗನನ್ನು ನೆನೆಯಿರಿ. ವೇಗ ಹೆಚ್ಚಿದಷ್ಟೂ ಹಗ್ಗ ಗಟ್ಟಿಯಾಗಿರಬೇಕು. ಇಲ್ಲವಾದರೆ ಕಲ್ಲು ಚಿಮ್ಮಿಹೋಗುತ್ತದೆ. ಆಕಾಶದಲ್ಲಿ ನಕ್ಷತ್ರಗಳನ್ನು ಹಿಡಿದಿರುವ ಹಗ್ಗವೆಂದರೆ ಗುರುತ್ವಾಕರ್ಷಣೆ. ಕ್ರಿ.ಶ. 1933ರಲ್ಲಿ ಫ್ರಿಟ್ಸ್ ಜ್ವಿಕಿ ಎಂಬ ಖಗೋಳಜ್ಞನು ಕೋಮಾ ಎಂಬ ಗ್ಯಾಲಕ್ಸಿಗಳ ಗುಂಪನ್ನು ಪರಿಶೀಲಿಸಿದನು. ಗ್ಯಾಲಕ್ಸಿಯೆಂದರೆ ನಮ್ಮ ಆಕಾಶಗಂಗೆಯಂತೆ ಕೋಟ್ಯಂತರ ನಕ್ಷತ್ರಗಳ ಸಮುದಾಯ. ಆ ಗುಂಪಿನ ಗ್ಯಾಲಕ್ಸಿಗಳು ಎಷ್ಟು ವೇಗದಿಂದ ಚಲಿಸುತ್ತಿದ್ದವೆಂದರೆ, ಕಾಣುವ ದ್ರವ್ಯದ ಆಕರ್ಷಣೆಯಷ್ಟೇ ಇದ್ದಿದ್ದರೆ ಅವು ಎಂದೋ ಚದುರಿಹೋಗಬೇಕಾಗಿತ್ತು. 1970ರ ದಶಕದಲ್ಲಿ ವೆರಾ ರೂಬಿನ್ ಎಂಬ ವಿದುಷಿಯು ತಮ್ಮ ಸಹೋದ್ಯೋಗಿ ಕೆಂಟ್ ಫೋರ್ಡ್ ಅವರೊಡನೆ ಒಂದೊಂದೇ ಗ್ಯಾಲಕ್ಸಿಯನ್ನು ಅಳೆದು, ಅಂಚಿನ ನಕ್ಷತ್ರಗಳೂ ಒಳಗಿನ ನಕ್ಷತ್ರಗಳಷ್ಟೇ ವೇಗದಿಂದ ಸುತ್ತುತ್ತಿವೆಯೆಂದು ತೋರಿಸಿದರು. ಕಾಣುವ ಹಗ್ಗಕ್ಕಿಂತ ಬಲವಾದ, ಕಾಣದ ಹಗ್ಗವೊಂದು ಇದೆಯೆಂಬ ನಿರ್ಣಯಕ್ಕೆ ವಿದ್ವಾಂಸರು ಹೀಗೆ ಬಂದರು. ಅದೇ ಕಪ್ಪುದ್ರವ್ಯ. ಅದು ಬೆಳಕನ್ನು ಬೀರುವುದಿಲ್ಲ, ಹೀರುವುದೂ ಇಲ್ಲ.

ಕಪ್ಪುಶಕ್ತಿಯ ಕಥೆ ಇನ್ನೂ ಈಚಿನದು. ವಿಶ್ವವು ಹಿಗ್ಗುತ್ತಿದೆ, ಗ್ಯಾಲಕ್ಸಿಗಳು ಪರಸ್ಪರ ದೂರ ಸರಿಯುತ್ತಿವೆ ಎಂಬುದು 1929ರಲ್ಲಿ ಎಡ್ವಿನ್ ಹಬಲ್ ಪ್ರಕಟಿಸಿದ ಅವಲೋಕನಗಳಿಂದ ವಿದಿತವಾಗಿತ್ತು. ಮೇಲೆ ಎಸೆದ ಚೆಂಡಿನ ವೇಗ ಕುಗ್ಗುವಂತೆ ಈ ಹಿಗ್ಗುವಿಕೆಯೂ ಕಾಲಕ್ರಮದಲ್ಲಿ ನಿಧಾನವಾಗುತ್ತಿರಬೇಕೆಂದು ಎಲ್ಲರೂ ತಿಳಿದಿದ್ದರು. 1998ರಲ್ಲಿ ಎರಡು ಸಂಶೋಧಕ ತಂಡಗಳು ದೂರದ ನಕ್ಷತ್ರಸ್ಫೋಟಗಳನ್ನು ಅಳೆದಾಗ ಕಂಡದ್ದು ಇದಕ್ಕೆ ತದ್ವಿರುದ್ಧ: ಹಿಗ್ಗುವ ವೇಗ ಹೆಚ್ಚುತ್ತಿದೆ! ಈ ಶೋಧಕ್ಕಾಗಿ ಸಾಲ್ ಪರ್ಲ್‌ಮಟರ್, ಬ್ರಯಾನ್ ಶ್ಮಿಟ್, ಆಡಂ ರೀಸ್ ಅವರಿಗೆ 2011ರಲ್ಲಿ ನೊಬೆಲ್ ಪಾರಿತೋಷಿಕವು ಸಂದಿತು. ಹೀಗೆ ನೂಕುತ್ತಿರುವುದು ಏನೆಂದು ತಿಳಿಯದ ಕಾರಣ ಅದಕ್ಕೆ ಕಪ್ಪುಶಕ್ತಿಯೆಂದು ಹೆಸರಿಟ್ಟರು.

ಇಂದಿನ ಲೆಕ್ಕದಂತೆ ವಿಶ್ವದ ಒಟ್ಟು ಸಾಮಗ್ರಿಯಲ್ಲಿ ನೂರಕ್ಕೆ ಸುಮಾರು 68 ಪಾಲು ಕಪ್ಪುಶಕ್ತಿ, 27 ಪಾಲು ಕಪ್ಪುದ್ರವ್ಯ. ಸೂರ್ಯ, ಚಂದ್ರ, ನದಿ, ಪರ್ವತ, ನಾವು ನೀವೆಲ್ಲರೂ ಉಳಿದ 5 ಪಾಲಿನಲ್ಲಿ ಅಡಕ. ಕಪ್ಪು ಎಂಬ ಶಬ್ದವು ಇಲ್ಲಿ ನಮ್ಮ ಅರಿವಿನ ಮಿತಿಯನ್ನು ಸೂಚಿಸುತ್ತದೆಂದು ತಿಳಿದರೆ ಸಾಕು.

ದೂರವೆಂಬ ತೊಡಕು

ಕಪ್ಪುಶಕ್ತಿಯ ಸ್ವರೂಪವನ್ನು ಅರಿಯಬೇಕಾದರೆ ವಿಶ್ವವು ಎಷ್ಟು ವೇಗದಿಂದ ಹಿಗ್ಗುತ್ತಿದೆ ಎಂಬುದು ಖಚಿತವಾಗಿ ತಿಳಿಯಬೇಕು. ಅದಕ್ಕೆ ಎರಡು ಸಂಗತಿಗಳು ಬೇಕು: ಗ್ಯಾಲಕ್ಸಿಯೊಂದು ನಮ್ಮಿಂದ ಸರಿಯುತ್ತಿರುವ ವೇಗ ಮತ್ತು ಅದು ಇರುವ ದೂರ. ವೇಗವನ್ನು ಅದರ ಬೆಳಕಿನ ಬಣ್ಣದ ಪಲ್ಲಟದಿಂದ ತಿಳಿಯುವುದು ಸುಲಭ. ದೂರವನ್ನು ತಿಳಿಯುವುದೇ ಕಷ್ಟ.

ಅಮಾವಾಸ್ಯೆಯ ರಾತ್ರಿ ಬಯಲಿನಲ್ಲಿ ನಿಂತವನಿಗೆ ದೂರದಲ್ಲೊಂದು ದೀಪ ಕಾಣುತ್ತದೆ. ಅದು ಸಮೀಪದ ಗುಡಿಸಲಿನ ಸಣ್ಣ ಹಣತೆಯೋ, ಎರಡು ಹರದಾರಿ ಆಚೆಯ ದೊಡ್ಡ ಲಾಟೀನೋ ಎಂದು ಹೇಳುವುದು ಹೇಗೆ? ದೀಪದ ನಿಜವಾದ ಪ್ರಖರತೆ ಮೊದಲೇ ಗೊತ್ತಿದ್ದರೆ ಮಾತ್ರ ದೂರವನ್ನು ಲೆಕ್ಕ ಹಾಕಬಹುದು. ಖಗೋಳಜ್ಞರು ಇದಕ್ಕಾಗಿ ಏಣಿಯೊಂದನ್ನು ಕಟ್ಟಿಕೊಂಡಿದ್ದಾರೆ. ಹತ್ತಿರದ ನಕ್ಷತ್ರಗಳ ದೂರವನ್ನು ರೇಖಾಗಣಿತದಿಂದ ಅಳೆದು, ಅದರ ಆಧಾರದ ಮೇಲೆ ಸೆಫೀಡ್ ಎಂಬ ಮಿಡಿಯುವ ನಕ್ಷತ್ರಗಳ ಪ್ರಖರತೆಯನ್ನು ಗೊತ್ತುಮಾಡಿ, ಅದರ ಆಧಾರದ ಮೇಲೆ ಇನ್ನೂ ದೂರದ ಸ್ಫೋಟಗಳನ್ನು ಅಳೆಯುತ್ತಾರೆ. ಒಂದು ಮೆಟ್ಟಿಲು ಸಡಿಲವಾದರೆ ಮೇಲಿನವೆಲ್ಲವೂ ಅಲುಗುತ್ತವೆ.

ಈ ಏಣಿಯಿಂದ ದೊರೆತ ಉತ್ತರವೆಂದರೆ ಸುಮಾರು 73. ಅಂದರೆ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸರಿಯುವ ವೇಗವು ಸೆಕೆಂಡಿಗೆ 73 ಕಿಲೋಮೀಟರಿನಷ್ಟು ಹೆಚ್ಚುತ್ತದೆ. ಇನ್ನೊಂದು ಮಾರ್ಗವೂ ಇದೆ. ವಿಶ್ವದ ಬಾಲ್ಯದಲ್ಲಿ ಹೊರಟು ಇಂದಿಗೂ ಆಕಾಶವನ್ನೆಲ್ಲ ವ್ಯಾಪಿಸಿರುವ ಮಂದ ವಿಕಿರಣವನ್ನು ಯೂರೋಪಿನ ಪ್ಲಾಂಕ್ ಉಪಗ್ರಹವು ಅಳೆದಿದೆ. ಅದರಿಂದ ಲೆಕ್ಕ ಕಟ್ಟಿದರೆ ಬರುವ ಉತ್ತರ ಸುಮಾರು 67.4.

ಒಂದೇ ಹೊಲವನ್ನು ಇಬ್ಬರು ಪ್ರಾಮಾಣಿಕರು ಎರಡು ಬೇರೆ ಹಗ್ಗಗಳಿಂದ ಅಳೆದು, ಇಬ್ಬರೂ ಎಚ್ಚರ ತಪ್ಪದೆ, ಬೇರೆ ಬೇರೆ ಉತ್ತರ ತಂದರೆ ಊರ ಹಿರಿಯರು ಏನು ಮಾಡಿಯಾರು? ಒಬ್ಬನ ಹಗ್ಗದಲ್ಲಿ ಗೊತ್ತಾಗದ ದೋಷವಿರಬೇಕು. ಇಲ್ಲವೇ ಹೊಲವೇ ನಾವು ತಿಳಿದಂತೆ ಇಲ್ಲದಿರಬೇಕು. ಎರಡನೆಯದೇ ನಿಜವಾದರೆ ಕಪ್ಪುಶಕ್ತಿ, ಕಪ್ಪುದ್ರವ್ಯಗಳ ಬಗೆಗಿನ ಈಗಿನ ತಿಳಿವಳಿಕೆಯನ್ನು ಬುಡದಿಂದಲೇ ತಿದ್ದಬೇಕಾಗುತ್ತದೆ. ಇಂತಹ ವ್ಯಾಜ್ಯದಲ್ಲಿ ಬೇಕಾದದ್ದು ಇಬ್ಬರ ಹಗ್ಗವನ್ನೂ ಮುಟ್ಟದ ಮೂರನೆಯ ಸಾಕ್ಷಿ.

ದೇಶಕಾಲದ ಅಲೆ

ಆ ಮೂರನೆಯ ಸಾಕ್ಷಿಯ ಬೀಜವು ಒಂದು ಶತಮಾನದ ಹಿಂದಿನದು. ದ್ರವ್ಯವು ತನ್ನ ಸುತ್ತಲಿನ ದೇಶಕಾಲವನ್ನೇ ಬಾಗಿಸುತ್ತದೆ, ಆ ಬಾಗುವಿಕೆಯೇ ಗುರುತ್ವ ಎಂದು ಆಲ್ಬರ್ಟ್ ಐನ್‌ಸ್ಟೈನ್ 1915ರಲ್ಲಿ ಪ್ರತಿಪಾದಿಸಿದರು. ಭಾರವಾದ ಕಾಯಗಳು ವೇಗವಾಗಿ ಸುತ್ತಾಡಿದಾಗ ಕೆರೆಯ ನೀರಿನಂತೆ ದೇಶಕಾಲದಲ್ಲಿಯೂ ಅಲೆಗಳೇಳಬೇಕೆಂದು ಮರುವರ್ಷ ಲೆಕ್ಕ ಹಾಕಿದರು. ಈ ಗುರುತ್ವ ತರಂಗಗಳು ಹಾದುಹೋಗುವಾಗ ಒಂದು ದಿಕ್ಕಿನಲ್ಲಿ ಎಲ್ಲವೂ ತುಸು ಹಿಗ್ಗಿ, ಅಡ್ಡ ದಿಕ್ಕಿನಲ್ಲಿ ತುಸು ಕುಗ್ಗುತ್ತವೆ. ಆದರೆ ಆ ‘ತುಸು’ ಎಂಬುದು ಊಹೆಗೂ ನಿಲುಕದಷ್ಟು ಅಲ್ಪ.

ಅದನ್ನು ಅಳೆಯಲು ಅಮೆರಿಕೆಯ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ ಎಂಬ ಎರಡು ಸ್ಥಳಗಳಲ್ಲಿ ಲೈಗೊ ಎಂಬ ವೀಕ್ಷಣಾಲಯವನ್ನು ನಿರ್ಮಿಸಿದರು. ಒಂದಕ್ಕೊಂದು ಲಂಬವಾಗಿ ಚಾಚಿದ ನಾಲ್ಕು ನಾಲ್ಕು ಕಿಲೋಮೀಟರ್ ಉದ್ದದ ಎರಡು ನಿರ್ವಾತ ಕೊಳವೆಗಳಲ್ಲಿ ಲೇಸರ್ ಬೆಳಕನ್ನು ಹರಿಸಿ, ತುದಿಯ ಕನ್ನಡಿಗಳಿಂದ ಮರಳಿಸಿ, ಎರಡನ್ನೂ ಕೂಡಿಸಿ ನೋಡುತ್ತಾರೆ. ಒಂದು ಭುಜದ ಉದ್ದವು ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಪಾಲಿನಷ್ಟು ಬದಲಾದರೂ ಅದು ಇಲ್ಲಿ ಗೋಚರವಾಗುತ್ತದೆ. 2015ರ ಸೆಪ್ಟೆಂಬರ್ 14ರಂದು ಮೊದಲ ಬಾರಿಗೆ ಅಲೆಯೊಂದು ಸಿಕ್ಕಿತು. ಸೂರ್ಯನಿಗಿಂತ ಸುಮಾರು 36 ಪಟ್ಟು ಮತ್ತು 29 ಪಟ್ಟು ತೂಗುವ ಎರಡು ಕಪ್ಪುಕುಳಿಗಳು ನೂರಾರು ಕೋಟಿ ವರ್ಷಗಳ ಹಿಂದೆ ಒಂದಾದಾಗ ಎದ್ದ ಅಲೆ ಅದು. ರೈನರ್ ವೈಸ್, ಬ್ಯಾರಿ ಬ್ಯಾರಿಷ್, ಕಿಪ್ ಥಾರ್ನ್ ಅವರಿಗೆ 2017ರ ನೊಬೆಲ್ ಪಾರಿತೋಷಿಕವು ಇದಕ್ಕಾಗಿಯೇ ದೊರೆಯಿತು.

ಈ ಅಲೆಗಳು ಕಂಪಿಸುವ ಗತಿಯು ನಮ್ಮ ಕಿವಿಗೆ ಕೇಳುವ ನಾದದ ಗತಿಯೇ ಆಗಿದೆ. ಆದ್ದರಿಂದ ಯಂತ್ರವು ಹಿಡಿದ ಅಲೆಯನ್ನು ಧ್ವನಿವರ್ಧಕಕ್ಕೆ ಕೊಟ್ಟರೆ ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಏರಿ ಥಟ್ಟನೆ ನಿಲ್ಲುವ ಸದ್ದೊಂದು ಕೇಳುತ್ತದೆ. ಗದ್ದಲದ ಜಾತ್ರೆಯಲ್ಲಿ ತನ್ನ ಮಗುವಿನ ಕೂಗನ್ನು ತಾಯಿ ಗುರುತಿಸುವಂತೆ, ಯಂತ್ರದ ಗದ್ದಲದಲ್ಲಿ ಆ ಸದ್ದನ್ನು ಗುರುತಿಸಬೇಕು. ಹಾಗೆ ಗುರುತಿಸಲು ಅದರ ರೂಪ ಮೊದಲೇ ತಿಳಿದಿರಬೇಕು. ಪುಣೆಯಲ್ಲಿ ಸಂಜೀವ ಧುರಂಧರ ಹಾಗೂ ಬಿ. ಎಸ್. ಸತ್ಯಪ್ರಕಾಶ ಅವರು 1990ರ ದಶಕದ ಆರಂಭದಲ್ಲಿಯೇ ಅಂತಹ ಶೋಧನಾಕ್ರಮವನ್ನು ರೂಪಿಸಿದ್ದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲಾ ಅಯ್ಯರ್ ಅವರು ಫ್ರಾನ್ಸಿನ ವಿದ್ವಾಂಸರೊಡನೆ ಕೂಡಿ ಆ ಅಲೆಗಳ ಆಕಾರವನ್ನು ಗಣಿತದಿಂದ ನಿಖರವಾಗಿ ಬಿಡಿಸಿದ್ದರು.

ಗಂಟೆಯ ದನಿ

ಇಲ್ಲಿ ಕನ್ನಡನಾಡಿನವರೊಬ್ಬರನ್ನು ಸ್ಮರಿಸದೆ ಮುಂದೆ ಹೋಗುವುದು ಉಚಿತವಲ್ಲ. ಅಂಗಡಿಯಲ್ಲಿ ಗಂಟೆ ಕೊಳ್ಳುವಾಗ ನಮ್ಮ ಹಿರಿಯರು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಲೋಹ ಎಂತಹದು, ಬಿರುಕು ಇದೆಯೇ ಇಲ್ಲವೇ ಎಂಬುದನ್ನು ದನಿಯೇ ಹೇಳುತ್ತದೆ. ಬೆಂಗಳೂರಿನಲ್ಲಿ 1938ರಲ್ಲಿ ಜನಿಸಿದ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಪ್ಪುಕುಳಿಯನ್ನು ಅಲುಗಿಸಿದರೆ ಅದೂ ಗಂಟೆಯಂತೆ ಮಿಡಿದು, ತನ್ನ ತೂಕಕ್ಕೆ ತಕ್ಕ ನಾದವನ್ನು ಹೊರಡಿಸಿ, ಕ್ರಮೇಣ ಶಾಂತವಾಗುತ್ತದೆಂದು ಲೆಕ್ಕ ಹಾಕಿ ತೋರಿಸಿದರು. ಕಪ್ಪುಕುಳಿಯೆಂಬುದು ನಿಜವಾಗಿ ಇದೆಯೋ ಇಲ್ಲವೋ ಎಂದು ಬಲ್ಲವರೂ ಸಂಶಯಪಡುತ್ತಿದ್ದ ಕಾಲವದು.

ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಸಹಸ್ರಾರು ಮಕ್ಕಳಿಗೆ ಆಕಾಶವನ್ನು ತೋರಿಸಿದ ಅವರು, 2016ರ ಫೆಬ್ರುವರಿ 11ರಂದು ಮೊದಲ ಅಲೆಯ ಘೋಷಣೆಯಾದಾಗ ನಮ್ಮೊಡನಿದ್ದರು. 2017ರ ಜನವರಿ 16ರಂದು ದಿವಂಗತರಾದರು. 2025ರ ಜನವರಿ 14ರಂದು ದೊರೆತ, ಅದುವರೆಗಿನ ಎಲ್ಲಕ್ಕಿಂತ ಸ್ಪಷ್ಟವಾದ ಅಲೆಯಲ್ಲಿ ಕಪ್ಪುಕುಳಿಯ ಆ ಗಂಟೆಯ ದನಿಯ ಎರಡು ಸ್ವರಗಳನ್ನು ವಿದ್ವಾಂಸರು ಬೇರೆ ಬೇರೆಯಾಗಿ ಗುರುತಿಸಿದರು. ಐವತ್ತೈದು ವರ್ಷಗಳ ಹಿಂದೆ ಕಾಗದದ ಮೇಲೆ ಬರೆದ ಲೆಕ್ಕವು ಹೀಗೆ ಆಕಾಶದಲ್ಲಿ ಸಾಕ್ಷಿ ಪಡೆಯಿತು.

ಈಗ ದೂರದ ವಿಷಯಕ್ಕೆ ಬರೋಣ. ದೀಪವು ತನ್ನ ನಿಜವಾದ ಪ್ರಖರತೆಯನ್ನು ತಾನೇ ಹೇಳುವುದಿಲ್ಲ; ಆದರೆ ಗುರುತ್ವ ತರಂಗವು ಹೇಳುತ್ತದೆ! ಎರಡು ಕಾಯಗಳು ಪರಸ್ಪರ ಸುತ್ತುತ್ತ ಸಮೀಪಿಸುವಾಗ ಸ್ವರವು ಎಷ್ಟು ಬೇಗ ಮೇಲೇರುತ್ತದೆ ಎಂಬುದು ಅವುಗಳ ತೂಕವನ್ನು ಅವಲಂಬಿಸಿದೆ. ತೂಕ ತಿಳಿದರೆ ಹುಟ್ಟಿದ ಸ್ಥಳದಲ್ಲಿ ಅಲೆಯ ಬಲ ಎಷ್ಟಿತ್ತೆಂಬುದು ತಿಳಿಯುತ್ತದೆ. ನಮ್ಮಲ್ಲಿಗೆ ಬಂದಾಗ ಅದು ಎಷ್ಟು ಕ್ಷೀಣವಾಗಿದೆ ಎಂಬುದನ್ನು ಯಂತ್ರವು ಅಳೆದಿರುತ್ತದೆ. ಎರಡನ್ನೂ ಹೋಲಿಸಿದರೆ ದೂರವು ತಾನಾಗಿಯೇ ದೊರೆಯುತ್ತದೆ. ಸೆಫೀಡ್ ಬೇಡ, ಏಣಿ ಬೇಡ. ಈ ಸರಳ ಸುಂದರ ಉಪಾಯವನ್ನು ಬರ್ನಾರ್ಡ್ ಶುಟ್ಸ್ ಎಂಬ ವಿದ್ವಾಂಸರು 1986ರಲ್ಲಿಯೇ ಸೂಚಿಸಿದ್ದರು. ಅಂದು ಅಲೆಯೂ ಸಿಕ್ಕಿರಲಿಲ್ಲ, ಲೈಗೊ ಕಟ್ಟಡವೂ ಎದ್ದಿರಲಿಲ್ಲ.

ಆದರೆ ಈ ಉಪಾಯದಲ್ಲಿ ಒಂದು ಕೊರತೆಯಿತ್ತು. ನಾದವು ದೂರವನ್ನು ಹೇಳುತ್ತದೆ, ವೇಗವನ್ನು ಹೇಳುವುದಿಲ್ಲ. ವೇಗ ತಿಳಿಯಬೇಕಾದರೆ ಆ ನಾದ ಹೊರಟ ಗ್ಯಾಲಕ್ಸಿ ಯಾವುದೆಂದು ಗುರುತಿಸಿ ಅದರ ಬೆಳಕನ್ನು ನೋಡಬೇಕು. ಕಪ್ಪುಕುಳಿಗಳು ಒಂದಾದಾಗ ಸಾಮಾನ್ಯವಾಗಿ ಬೆಳಕು ಹೊಮ್ಮುವುದಿಲ್ಲ. ಕಿವಿಯೂ ಕಣ್ಣೂ ಒಂದೇ ಘಟನೆಗೆ ಸಾಕ್ಷಿಯಾಗುವ ದಿನಕ್ಕಾಗಿ ಕಾಯಬೇಕಾಗಿತ್ತು.

ಕಿವಿಯೂ ಕಣ್ಣೂ ಕೂಡಿದ ದಿನ

ಆ ದಿನ 2017ರ ಆಗಸ್ಟ್ 17. ಭಾರತದಲ್ಲಿ ಸಂಜೆ 6 ಗಂಟೆ 11 ನಿಮಿಷ. ಹ್ಯಾನ್‌ಫರ್ಡಿನ ಯಂತ್ರದಲ್ಲಿ ಸುಮಾರು ನೂರು ಸೆಕೆಂಡುಗಳ ಕಾಲ ಮುಂದುವರಿದ ದೀರ್ಘವಾದ ನಾದವೊಂದು ದಾಖಲಾಯಿತು. ಅದು ನಿಂತ 1.7 ಸೆಕೆಂಡುಗಳಿಗೆ ಫರ್ಮಿ ಎಂಬ ಉಪಗ್ರಹವು ಗಾಮಾ ಕಿರಣಗಳ ಕಿರು ಮಿಂಚೊಂದನ್ನು ಕಂಡಿತು. ಲಿವಿಂಗ್‌ಸ್ಟನ್ ಯಂತ್ರದಲ್ಲಿ ಸರಿಯಾಗಿ ಅದೇ ಹೊತ್ತಿಗೆ ಬೇರೊಂದು ಕಾರಣದಿಂದ ಕ್ಷಣಿಕ ಗದ್ದಲವೆದ್ದಿತ್ತು. ವಿಜ್ಞಾನಿಗಳು ಆ ಗದ್ದಲವನ್ನು ಬೇರ್ಪಡಿಸಿ ನೋಡಿದಾಗ ಅಲ್ಲಿಯೂ ಅದೇ ನಾದವು ಸ್ಪಷ್ಟವಾಗಿ ಕಂಡುಬಂತು.

ಇಟಲಿಯ ಪೀಸಾ ನಗರದ ಬಳಿಯ ವರ್ಗೊ ಎಂಬ ಮೂರನೆಯ ಯಂತ್ರವು ಅದೇ ತಿಂಗಳ ಮೊದಲ ದಿನದಂದು ಇವುಗಳೊಡನೆ ಸೇರಿತ್ತು. ಅದಕ್ಕೆ ಈ ನಾದವು ಬಹಳ ಕ್ಷೀಣವಾಗಿ ಕೇಳಿತ್ತು. ಆ ಕ್ಷೀಣತೆಯೇ ಉಪಕಾರಿಯಾಯಿತು! ವರ್ಗೊ ಯಂತ್ರಕ್ಕೆ ಸರಿಯಾಗಿ ಕೇಳಿಸದ ದಿಕ್ಕುಗಳು ಕೆಲವೇ ಇವೆ. ಆದ್ದರಿಂದ ನಾದವು ಅಂತಹ ದಿಕ್ಕಿನಿಂದಲೇ ಬಂದಿರಬೇಕು. ಈ ತರ್ಕದಿಂದ ಹುಡುಕಬೇಕಾದ ಜಾಗವು ಆಕಾಶದ 28 ಚದರ ಡಿಗ್ರಿಗೆ ಇಳಿಯಿತು. ಆದರೂ ಅದು ಪೂರ್ಣಚಂದ್ರನ ಬಿಂಬದಂತಹ ನೂರಕ್ಕೂ ಮಿಕ್ಕ ಬಿಂಬಗಳು ಹಿಡಿಯುವಷ್ಟು ಜಾಗ.

ದಕ್ಷಿಣ ಅಮೆರಿಕೆಯ ಚಿಲಿ ದೇಶದಲ್ಲಿ ಸೂರ್ಯಾಸ್ತವಾಗುವುದನ್ನೇ ಖಗೋಳಜ್ಞರು ಕಾದರು. ಆ ದಿಕ್ಕಿನ ನಕ್ಷತ್ರಗಳು ಕತ್ತಲಾದ ಸ್ವಲ್ಪ ಹೊತ್ತಿಗೆ ತಾವೂ ಮುಳುಗುವಂತಿದ್ದವು. ನಾದ ಕೇಳಿದ ಸುಮಾರು ಹನ್ನೊಂದು ಗಂಟೆಗಳ ತರುವಾಯ ಲಾಸ್ ಕಂಪಾನಸ್ ವೀಕ್ಷಣಾಲಯದ ಸ್ವೋಪ್ ಎಂಬ ಒಂದು ಮೀಟರ್ ದೂರದರ್ಶಕವು ಎನ್.ಜಿ.ಸಿ. 4993 ಎಂಬ ಗ್ಯಾಲಕ್ಸಿಯಲ್ಲಿ, ಹಿಂದೆ ಇಲ್ಲದ ಬೆಳಕಿನ ಚುಕ್ಕೆಯೊಂದನ್ನು ಕಂಡಿತು. ಅಲ್ಲಿ 13–14 ಕೋಟಿ ವರ್ಷಗಳ ಹಿಂದೆ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದು ಒಂದಾಗಿದ್ದವು. ಒಂದು ಪಟ್ಟಣದಷ್ಟು ಅಗಲದಲ್ಲಿ ಸೂರ್ಯನಿಗಿಂತ ಹೆಚ್ಚು ತೂಕವನ್ನು ಅಡಗಿಸಿಕೊಂಡ, ಸತ್ತ ನಕ್ಷತ್ರಗಳ ತಿರುಳು ಅವು. ಚುಕ್ಕೆಯು ಮೊದಲು ನೀಲಿಯಾಗಿದ್ದು ಕೆಲವೇ ದಿನಗಳಲ್ಲಿ ಕೆಂಪಾಗಿ ಮಸುಳಿತು. ಚಿನ್ನ, ಪ್ಲಾಟಿನಂ ಮೊದಲಾದ ಭಾರವಾದ ಲೋಹಗಳು ಇಂತಹ ಸಂಘರ್ಷದಲ್ಲಿ ಹುಟ್ಟುತ್ತವೆಂಬ ಬಹುಕಾಲದ ಅನುಮಾನಕ್ಕೆ ಅದರಿಂದ ಬಲವಾದ ಆಧಾರ ದೊರೆಯಿತು. ನಮ್ಮ ಮನೆಯ ಹೆಣ್ಣುಮಕ್ಕಳು ಧರಿಸುವ ಬಂಗಾರದ ಒಂದಂಶವಾದರೂ ಎಂದೋ ನಡೆದ ಅಂತಹ ಸಂಘರ್ಷದ ಫಲವಾಗಿರಬಹುದು.

ಮೂರನೆಯ ಸಾಕ್ಷಿ ಏನೆಂದಿತು?

ಈಗ ಲೆಕ್ಕವನ್ನು ವಾಚಕರೇ ಮಾಡಬಹುದು. ನಾದದಿಂದ ದೊರೆತ ದೂರ ಸುಮಾರು 14 ಕೋಟಿ ಜ್ಯೋತಿರ್ವರ್ಷ; ಅಂದರೆ 32.6 ಲಕ್ಷದ ಸುಮಾರು 43 ಪಾಲುಗಳು. ವಿಶ್ವವು ಹಿಗ್ಗುತ್ತಿರುವುದರಿಂದ ಆ ಗ್ಯಾಲಕ್ಸಿಗೆ ಬಂದ ವೇಗ ಸೆಕೆಂಡಿಗೆ ಸುಮಾರು 3,000 ಕಿಲೋಮೀಟರ್. ಭಾಗಿಸಿದರೆ ಸುಮಾರು 70. ಏಣಿಯ 73ಕ್ಕೂ ಪ್ಲಾಂಕ್‌ನ 67ಕ್ಕೂ ನಟ್ಟನಡುವೆ!

ಮೂರನೆಯ ಸಾಕ್ಷಿಯು ಇಬ್ಬರಲ್ಲಿ ಯಾರನ್ನೂ ಎತ್ತಿಹಿಡಿಯಲಿಲ್ಲ. ವಿಜ್ಞಾನಿಗಳು ಆ 70ರ ಜೊತೆಗೆ ಅದರ ಅನಿಶ್ಚಯವನ್ನೂ ಪ್ರಕಟಿಸಿದರು: ಅದು 62 ಆಗಿರಬಹುದು, 82 ಆಗಿರಬಹುದು. ಇಷ್ಟೊಂದು ಅಂತರಕ್ಕೆ ಮುಖ್ಯ ಕಾರಣವೆಂದರೆ, ಸುತ್ತುವ ಜೋಡಿಯು ನಮಗೆ ಎದುರಾಗಿತ್ತೋ ಓರೆಯಾಗಿತ್ತೋ ಎಂಬುದು ಸ್ಪಷ್ಟವಾಗದಿರುವುದು. ಎದುರಾಗಿದ್ದರೆ ನಾದ ಜೋರು, ಓರೆಯಾಗಿದ್ದರೆ ಮೆಲು. ಸಮೀಪದಲ್ಲಿ ಓರೆಯಾಗಿರುವುದೂ ದೂರದಲ್ಲಿ ಎದುರಾಗಿರುವುದೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕೇಳುತ್ತವೆ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಅಂಕಿಯಲ್ಲಿಯೇ ಬರೆದಿಡುವ ಈ ಕ್ರಮವು ನಮಗೆಲ್ಲರಿಗೂ ಅನುಕರಣೀಯವೆಂದು ನನಗೆ ತೋರುತ್ತದೆ.

ಬಿದ್ದುಹೋದ ವಾದಗಳು

ಆ ದಿನದ ಹಿರಿಯ ಫಲವು ಬೇರೆಡೆ ದೊರೆಯಿತು. ಕಪ್ಪುಶಕ್ತಿಯೆಂಬುದೇ ಇಲ್ಲ, ಬಹುದೂರದಲ್ಲಿ ಗುರುತ್ವದ ನಿಯಮವೇ ಬೇರೆಯಾಗುತ್ತದೆ ಎಂದು ಅನೇಕ ವಿದ್ವಾಂಸರು ಪರ್ಯಾಯ ಸಿದ್ಧಾಂತಗಳನ್ನು ರಚಿಸಿದ್ದರು. ಆಕಾಶವನ್ನೆಲ್ಲ ತುಂಬಿದ ಹೊಸದೊಂದು ಕ್ಷೇತ್ರವು ಗುರುತ್ವದೊಡನೆ ಬೆರೆತು ವಿಶ್ವವನ್ನು ಹಿಗ್ಗಿಸುತ್ತದೆಂಬುದು ಅವುಗಳಲ್ಲಿ ಹಲವರ ಮತ. ಗಾಜಿನಲ್ಲಿ ಹರಿಯುವ ಬೆಳಕಿನ ವೇಗ ಬದಲಾಗುವಂತೆ, ಅಂತಹ ಕ್ಷೇತ್ರದಲ್ಲಿ ಗುರುತ್ವ ತರಂಗದ ವೇಗವೂ ಬೆಳಕಿನ ವೇಗಕ್ಕಿಂತ ಬೇರೆಯಾಗಬೇಕಾಗಿತ್ತು.

ಆದರೆ ಅಲೆಯೂ ಬೆಳಕೂ 13–14 ಕೋಟಿ ವರ್ಷಗಳ ಪಯಣವನ್ನು ಮುಗಿಸಿ 1.7 ಸೆಕೆಂಡುಗಳ ಅಂತರದಲ್ಲಿ ನಮ್ಮ ಬಾಗಿಲಿಗೆ ಬಂದಿದ್ದವು. ಆ 1.7 ಸೆಕೆಂಡು ಕೂಡ ಬೆಳಕು ತಡವಾಗಿ ಹೊರಟದ್ದರಿಂದ ಆಗಿರಬಹುದು. ಎರಡರ ವೇಗದಲ್ಲಿ ವ್ಯತ್ಯಾಸವಿದ್ದರೂ ಅದು 1ರ ಮುಂದೆ 15 ಸೊನ್ನೆಗಳನ್ನಿಟ್ಟರೆ ಬರುವ ಸಂಖ್ಯೆಯಲ್ಲಿ ಮೂರು ಪಾಲಿಗಿಂತ ಹೆಚ್ಚಿಲ್ಲವೆಂದು ಸಿದ್ಧವಾಯಿತು. ಹಲವು ವರ್ಷಗಳ ಪರಿಶ್ರಮದಿಂದ ರಚಿತವಾದ ಅನೇಕ ಸಿದ್ಧಾಂತಗಳು ಆ ಒಂದೇ ಸಂಜೆಯಲ್ಲಿ ಬಿದ್ದುಹೋದವು. ಅವುಗಳನ್ನು ಕೈಬಿಡಬೇಕೆಂದು ತೋರಿಸಿದ ಪ್ರಬಂಧಗಳು ಅದೇ ವರ್ಷ ಪ್ರಕಟವಾದವು.

ಕಪ್ಪುದ್ರವ್ಯದ ವಿಷಯದಲ್ಲಿಯೂ ಹೀಗೆಯೇ ಆಯಿತು. ಕಪ್ಪುದ್ರವ್ಯವಿಲ್ಲ, ಗುರುತ್ವದ ಸೂತ್ರವನ್ನು ತಿದ್ದಿದರೆ ಸಾಕು ಎನ್ನುವ ಒಂದು ವರ್ಗದ ಸಿದ್ಧಾಂತಗಳ ಪ್ರಕಾರ ಬೆಳಕು ಒಂದು ದಾರಿಯನ್ನೂ ಗುರುತ್ವ ತರಂಗವು ಇನ್ನೊಂದು ದಾರಿಯನ್ನೂ ಹಿಡಿಯಬೇಕು. ಹಾಗಾಗಿದ್ದರೆ ಎರಡರ ಆಗಮನದ ನಡುವೆ ನೂರಾರು ದಿನಗಳ ಅಂತರ ಇರಬೇಕಾಗಿತ್ತು. ಹೈದರಾಬಾದಿನ ಐ.ಐ.ಟಿ.ಯ ಶಂತನು ದೇಸಾಯಿ ಮತ್ತು ಅವರ ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ವರ್ಗದ ಸಿದ್ಧಾಂತಗಳು ಇನ್ನು ನಿಲ್ಲಲಾರವೆಂದು ತೋರಿಸಿದರು.

ಕಪ್ಪುಕುಳಿಗಳೇ ಕಪ್ಪುದ್ರವ್ಯವಾಗಿರಬಹುದೇ ಎಂಬ ಪ್ರಶ್ನೆಯೂ ಇದೆ. ವಿಶ್ವದ ಆದಿಯಲ್ಲಿ, ನಕ್ಷತ್ರಗಳು ಹುಟ್ಟುವ ಮೊದಲೇ, ಕಪ್ಪುಕುಳಿಗಳು ಉಂಟಾಗಿರಬಹುದೆಂದು 1970ರ ದಶಕದಲ್ಲಿ ಸ್ಟೀಫನ್ ಹಾಕಿಂಗ್ ಮೊದಲಾದವರು ಸೂಚಿಸಿದ್ದರು. 2015ರ ಮೊದಲ ಅಲೆಯ ತರುವಾಯ, ನಾವು ಕೇಳಿದ್ದು ಕಪ್ಪುದ್ರವ್ಯದ ಸದ್ದೇ ಇರಬಹುದೇ ಎಂದು ಕೆಲವರು ಕೇಳಿದರು. ಅಂದಿನಿಂದ ಇನ್ನೂರಕ್ಕೂ ಹೆಚ್ಚು ಅಲೆಗಳು ದಾಖಲಾಗಿವೆ. ಇಂತಹ ಕುಳಿಗಳೇ ಕಪ್ಪುದ್ರವ್ಯದ ಸರ್ವಸ್ವವಾಗಿದ್ದರೆ ಅವುಗಳ ಸಂಯೋಗವು ಈಗ ಕೇಳುತ್ತಿರುವುದಕ್ಕಿಂತ ಬಹಳ ಹೆಚ್ಚಾಗಿ ನಡೆಯಬೇಕಾಗಿತ್ತೆಂಬುದು ಬಹುಮಂದಿಯ ಲೆಕ್ಕ. ಸೂರ್ಯನಿಗಿಂತ ಹಗುರವಾದ ಕಪ್ಪುಕುಳಿಯೊಂದು ಸಿಕ್ಕಿದರೆ ಅದು ಆದಿಕಾಲದ್ದೇ ಎನ್ನಲು ಬಲವಾದ ಆಧಾರವಾಗುತ್ತದೆ. ಅದಕ್ಕಾಗಿ ಹುಡುಕಾಟ ನಡೆದೇ ಇದೆ.

ಕಾಯುವಿಕೆಯ ಕಾಲ

2017ರ ಆಗಸ್ಟಿನಂತಹ ದಿನ ಮತ್ತೆ ಬಂದಿಲ್ಲ. 2019ರ ಏಪ್ರಿಲ್ 25ರಂದು ನ್ಯೂಟ್ರಾನ್ ನಕ್ಷತ್ರಗಳದೆಂದು ನಂಬಲಾದ ಇನ್ನೊಂದು ನಾದ ಕೇಳಿತಾದರೂ ಅದರ ಬೆಳಕು ಯಾರಿಗೂ ಕಾಣಲಿಲ್ಲ. ಆದರೂ ವಿದ್ವಾಂಸರು ಸುಮ್ಮನೆ ಕುಳಿತಿಲ್ಲ. ಬೆಳಕಿಲ್ಲದ ನಾದವು ಬಂದ ದಿಕ್ಕಿನಲ್ಲಿರುವ ಎಲ್ಲ ಗ್ಯಾಲಕ್ಸಿಗಳನ್ನೂ ಪಟ್ಟಿ ಮಾಡಿ, ಯಾವುದು ಎಷ್ಟರಮಟ್ಟಿಗೆ ಸಂಭವವೆಂದು ತೂಗಿ ಲೆಕ್ಕ ಹಾಕುತ್ತಾರೆ. ಅಂತಹ 47 ಘಟನೆಗಳನ್ನು ಕೂಡಿಸಿದಾಗ ಉತ್ತರ 68 ಎಂದು ಬಂದಿದೆ. ಅನಿಶ್ಚಯವು ಕುಗ್ಗಿದೆ, ಆದರೆ ವ್ಯಾಜ್ಯವನ್ನು ತೀರ್ಮಾನಿಸುವಷ್ಟು ಕುಗ್ಗಿಲ್ಲ. ಇತ್ತ, ಗ್ಯಾಲಕ್ಸಿಗಳ ನಕ್ಷೆಯನ್ನು ರಚಿಸುತ್ತಿರುವ ಡೆಸಿ ಎಂಬ ಯೋಜನೆಯು 2024 ಮತ್ತು 2025ರಲ್ಲಿ ನೀಡಿದ ಫಲಿತಾಂಶಗಳಲ್ಲಿ ಕಪ್ಪುಶಕ್ತಿಯು ಕಾಲಕ್ರಮದಲ್ಲಿ ಕ್ಷೀಣಿಸುತ್ತಿರಬಹುದೆಂಬ ಸುಳಿವು ಇದೆ. ಸುಳಿವು ಇನ್ನೂ ಸಿದ್ಧಾಂತವಾಗಿಲ್ಲ. ಆದುದರಿಂದಲೇ ಮೂರನೆಯ ಸಾಕ್ಷಿಯ ಅಗತ್ಯ ಇಂದು ಇನ್ನೂ ಹೆಚ್ಚಾಗಿದೆ.

ಈ ಕಾರ್ಯದಲ್ಲಿ ಭಾರತವೂ ಪಾಲುಗೊಳ್ಳಲಿದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ, ಔಂಢಾ ನಾಗನಾಥ ಕ್ಷೇತ್ರದ ಸಮೀಪ, ನಾಲ್ಕು ಕಿಲೋಮೀಟರ್ ಭುಜಗಳ ಲೈಗೊ ವೀಕ್ಷಣಾಲಯವನ್ನು ನಿರ್ಮಿಸಲು ಕೇಂದ್ರ ಸರ್ಕಾರವು 2023ರ ಏಪ್ರಿಲಿನಲ್ಲಿ ಸುಮಾರು 2,600 ಕೋಟಿ ರೂಪಾಯಿಗಳಿಗೆ ಮಂಜೂರಾತಿ ನೀಡಿದೆ. ದೂರ ದೂರದ ಕಿವಿಗಳು ಹೆಚ್ಚಿದಷ್ಟೂ ನಾದ ಬಂದ ದಿಕ್ಕು ನಿಖರವಾಗಿ ತಿಳಿಯುತ್ತದೆ. ಯೂರೋಪಿನ ಬಾಹ್ಯಾಕಾಶ ಸಂಸ್ಥೆಯು 25 ಲಕ್ಷ ಕಿಲೋಮೀಟರ್ ಅಂತರದಲ್ಲಿ ಮೂರು ನೌಕೆಗಳನ್ನು ನಿಲ್ಲಿಸುವ ಲೀಸಾ ಯೋಜನೆಗೆ 2024ರ ಜನವರಿಯಲ್ಲಿ ಅಂಗೀಕಾರ ನೀಡಿದ್ದು, 2035ರ ಸುಮಾರಿಗೆ ಅದನ್ನು ಹಾರಿಸುವ ಉದ್ದೇಶವಿದೆ. ಇನ್ನೂ ಗಂಭೀರವಾದ, ಇನ್ನೂ ದೂರದ ನಾದಗಳು ಅದಕ್ಕೆ ಕೇಳಲಿವೆ.

ವಿದ್ಯಾರ್ಥಿಗೆ ಉತ್ತರ

ಕೆಲವು ವಾರಗಳ ನಂತರ ಆ ವಿದ್ಯಾರ್ಥಿಯು ಪುನಃ ಬಂದಾಗ ಈ ಕಥನವನ್ನೆಲ್ಲ ಅವನಿಗೆ ಹೇಳಿದೆನು. ಅವನು ತುಸು ನಿರಾಶನಾದಂತೆ ತೋರಿತು. “ಹಾಗಾದರೆ ಕಪ್ಪುದ್ರವ್ಯ ಏನೆಂದು ತಿಳಿಯಲಿಲ್ಲ, ಕಪ್ಪುಶಕ್ತಿ ಏನೆಂದೂ ತಿಳಿಯಲಿಲ್ಲವಲ್ಲಾ, ಗುರುಗಳೇ” ಎಂದನು.

“ಏನು ಅಲ್ಲ ಎಂಬುದು ತಿಳಿಯಿತಲ್ಲ, ತಮ್ಮಾ” ಎಂದೆನು. “ಊಹೆ ಮಾಡುವವನು ತನ್ನ ಊಹೆಯನ್ನು ಕಾಪಾಡಿಕೊಳ್ಳಲು ಸದಾ ದಾರಿ ಹುಡುಕುತ್ತಾನೆ. ಈ ವಿದ್ವಾಂಸರು ತಮ್ಮ ಮಾತು ಸುಳ್ಳಾಗಬಹುದಾದ ಪರೀಕ್ಷೆ ಯಾವುದೆಂದು ಮೊದಲೇ ಹೇಳಿ, ಪರೀಕ್ಷೆಯಲ್ಲಿ ಸೋತಾಗ ವರ್ಷಗಳ ಶ್ರಮವನ್ನು ಕೈಬಿಟ್ಟರು. ನೀನು ಕೇಳಿದ ವ್ಯತ್ಯಾಸ ಅದೇ.”

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ಕಾಣದುದರ ವಿಷಯದಲ್ಲಿ ಆ ಎಚ್ಚರವು ಇಮ್ಮಡಿ ಬೇಕು. ಮುಂದಿನ ನಾದ ಯಾವ ಸಂಜೆ ಕೇಳುವುದೋ ಯಾರೂ ಅರಿಯರು. ಅದು ಕೇಳುವ ಹೊತ್ತಿಗೆ ಹಿಂಗೋಲಿಯ ಯಂತ್ರದ ಮುಂದೆ ನಮ್ಮ ಮನೆಗಳ ಮಗನೋ ಮಗಳೋ ಕುಳಿತಿರುವಂತಾಗಲಿ ಎಂಬುದು ಈ ಮುದುಕನ ಹಾರೈಕೆ. ವಿಜ್ಞಾನ ಓದುತ್ತಿರುವ ಮಕ್ಕಳು ಇಂತಹ ಪ್ರಶ್ನೆಗಳನ್ನು ಕೇಳಿದಾಗ ಹಿರಿಯರಾದ ನಾವು ಗದರಿಸದೆ, ತಿಳಿಯದಿದ್ದರೆ ತಿಳಿಯದೆಂದು ಒಪ್ಪಿ, ಅವರೊಡನೆ ಕುಳಿತು ಕಲಿಯೋಣ.